ಫೋನಲ್ಲಿ ಆರಿಸಿದ ಸೀರೆ, ಮೀನಾ ಬಜಾರಿನ ಸೀರೆ, ಊರಿಗೆ ಹೋಗಿ ತಂದ ಸೀರೆ

ನನ್ನ ಮದುವೆ ಗೊತ್ತಾಗಿದ್ದು 2024ರ ಮೇ ತಿಂಗಳಲ್ಲಿ. ನಾನಿರುವುದು ದುಬೈನ ಕರಾಮದಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ. ಮದುವೆ ಮೈಸೂರಿನಲ್ಲಿ, ಕಾರ್ತಿಕ ಮಾಸಕ್ಕೆ. ರಜೆಯೆಲ್ಲ ಮದುವೆಗೇ ಬೇಕಲ್ವಾ, ಹಾಗಾಗಿ ಸೀರೆ, ಬ್ಲೌಸು, ಒಡವೆ ಎಲ್ಲವನ್ನೂ ಇಲ್ಲಿ ಕೂತೇ ಆದಷ್ಟು ಮುಗಿಸಬೇಕು ಅಂದುಕೊಂಡೆ. ಆದರೆ ಆರು ತಿಂಗಳಲ್ಲಿ ಮೂರು ದಾರಿಯನ್ನೂ ಹಿಡಿಯಬೇಕಾಯಿತು. ಅಮ್ಮ ಅಂಗಡಿಯಲ್ಲಿ ನಿಂತು ಫೋನಲ್ಲಿ ತೋರಿಸಿದ್ದು ಒಂದು, ಇಲ್ಲಿನ ಮೀನಾ ಬಜಾರಿನಲ್ಲಿ ಕೊಂಡಿದ್ದು ಇನ್ನೊಂದು, ಐದು ದಿನ ರಜೆ ಹಾಕಿ ನಾನೇ ಹೋಗಿ ತಂದಿದ್ದು ಮತ್ತೊಂದು. ಹೊರದೇಶದಲ್ಲಿದ್ದು ಮದುವೆಗೆ ತಯಾರಾಗುತ್ತಿರುವ ಹುಡುಗಿಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಫೋನಿನ ವಿಷಯ. ದುಬೈನಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಬರುತ್ತದೆ, ಕಾಲ್ ಬರುವುದಿಲ್ಲ. ಅಮ್ಮನ ಫೋನಿಗೆ ಬೋಟಿಮ್ ಅನ್ನುವ ವಿಡಿಯೋ ಕಾಲ್ ಆ್ಯಪ್ ಹಾಕಿಸಿದೆವು. ಇಲ್ಲಿಗೂ ಅಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅಮ್ಮ, ಚಿಕ್ಕಮ್ಮ ಬೆಳಗ್ಗೆ ಹನ್ನೊಂದಕ್ಕೆ ಅಂಗಡಿಗೆ ಹೋದರೆ ನನಗೆ ಒಂಬತ್ತೂವರೆ, ಆಫೀಸ್ ಶುರುವಾಗಿರುತ್ತಿತ್ತು. ಹಾಗಾಗಿ ಅವರು ಶನಿವಾರವೇ ಹೋಗಬೇಕು. ಅಂಗಡಿಯಲ್ಲಿ ಜನ ಜಾಸ್ತಿ ಇರುವ ದಿನವೂ ಅದೇ.

ಚಪ್ಪರದ ದಿನಕ್ಕೆ ಉಡಲು ಗಿಣಿ ಹಸಿರು ಮೈಸೂರು ಸಿಲ್ಕ್ ಆರಿಸಿದ್ದು ಫೋನಲ್ಲೇ. ಅದು ಚೆನ್ನಾಗಿ ಬಂತು, ಅದಕ್ಕೆ ಕಾರಣವೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯದೇ ಸೀರೆ ಅದು, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತಿದೆ. ಪ್ರತಿ ಸೀರೆಗೂ ಕೋಡ್ ನಂಬರ್, ಹಾಲೋಗ್ರಾಮ್ ಇರುತ್ತದೆ. ಜರಿಯಲ್ಲಿ ಬೆಳ್ಳಿ 65 ಪರ್ಸೆಂಟ್, ಚಿನ್ನ 0.65 ಪರ್ಸೆಂಟ್. ಬಟ್ಟೆ ಹೇಗಿರುತ್ತದೆ ಅನ್ನುವುದು ನನಗೆ ಮೊದಲೇ ಗೊತ್ತು, ಅಜ್ಜಿಯ ಸೀರೆ ಮುಟ್ಟಿಯೇ ಬೆಳೆದವಳು ನಾನು. ನೋಡಬೇಕಾಗಿದ್ದು ಬಣ್ಣ ಒಂದೇ.

ಬಣ್ಣ ನೋಡಲು ಒಂದು ಉಪಾಯ ಮಾಡಿಕೊಂಡೆವು. ಫೋನಿನ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ಸರಿಮಾಡಿಕೊಳ್ಳುತ್ತದೆ, ಪೂರ್ತಿ ಸೀರೆಯನ್ನೇ ಹತ್ತಿರ ಹಿಡಿದರೆ ಹಸಿರು ಒಮ್ಮೆ ನೀಲಿಯಂತೆ, ಒಮ್ಮೆ ಹಳದಿಯಂತೆ ಕಾಣುತ್ತದೆ. ಅದಕ್ಕೆ ಚಿಕ್ಕಮ್ಮ ಪಾರ್ಲೆ-ಜಿ ಪೊಟ್ಟಣವೊಂದನ್ನು ಸೀರೆಯ ಮೇಲಿಟ್ಟು ತೋರಿಸುತ್ತಿದ್ದರು, ಅಂಥದ್ದೇ ಪೊಟ್ಟಣ ನನ್ನ ಮೇಜಿನ ಮೇಲೂ ಇರುತ್ತಿತ್ತು. ಸ್ಕ್ರೀನಿನಲ್ಲಿ ಆ ಹಳದಿ ಸರಿಯಾಗಿ ಕಂಡರೆ ಸೀರೆಯ ಬಣ್ಣವನ್ನೂ ನಂಬಬಹುದು. ಆಮೇಲೆ ಅಮ್ಮ ಸೀರೆ ಹಿಡಿದು ಬಾಗಿಲ ತನಕ ಬಂದು ಬಿಸಿಲಲ್ಲಿ ಒಮ್ಮೆ ತೋರಿಸಬೇಕು. ಟ್ಯೂಬ್‌ಲೈಟ್ ಕೆಳಗೆ ಯಾವ ಸೀರೆಯನ್ನೂ ಒಪ್ಪಬೇಡಿ.

ಇದೇ ಧೈರ್ಯದಲ್ಲಿ ಧಾರೆ ಸೀರೆಯನ್ನೂ ಫೋನಲ್ಲೇ ಆರಿಸಲು ಹೋದೆ. ಅಲ್ಲಿ ಸೋತೆ. ನಮ್ಮ ಮನೆ ಪದ್ಧತಿಯಲ್ಲಿ ಧಾರೆಗೆ ಬಿಳಿ ಒಡಲು, ಕೆಂಪು ಅಂಚಿನ ಸೀರೆ. ಬಿಳಿ ಅಂದರೆ ಸುಣ್ಣದ ಬಿಳಿ ಅಲ್ಲ, ಕಾಯಿಹಾಲಿನ ಬಿಳಿ. ಎರಡು ಶನಿವಾರ ಕೂತೆ. ಒಂದು ಅಂಗಡಿಯವರು ಒಂದು ಸೀರೆ ತೆಗೆದಿಡುತ್ತೇವೆ ಅಂದರು, ಅಡ್ವಾನ್ಸ್ ಕೊಟ್ಟೆವು, ಆಮೇಲೆ ಕವರಿನಲ್ಲಿ ಮನೆಗೆ ಬಂದಿದ್ದು ಬೇರೆಯೇ ಸೀರೆ, ಬಿಳಿಯಲ್ಲಿ ಬೂದಿಯ ಛಾಯೆ, ಅಂಚು ಕುಂಕುಮದ ಕೆಂಪಲ್ಲ, ಇಟ್ಟಿಗೆ ಕೆಂಪು. ಅಮ್ಮ ವಾಪಸ್ ಕೊಟ್ಟು ಬರುವಷ್ಟರಲ್ಲಿ ಜುಲೈ ಬಂತು. ಜುಲೈ 6ಕ್ಕೆ ಆಷಾಢ ಹಿಡಿಯಿತು. ಎಲ್ಲಾ ಅಂಗಡಿಯಲ್ಲೂ ಆಷಾಢದ ಡಿಸ್ಕೌಂಟ್, ಆದರೆ ಮದುವೆ ಸೀರೆಯನ್ನು ಆಷಾಢದಲ್ಲಿ ತರುವುದಿಲ್ಲ ಅಂತ ಅಜ್ಜಿ ಹೇಳಿಬಿಟ್ಟರು. ಆ ಮಾತಿಗೆ ನಾನೂ ಎದುರಾಡಲಿಲ್ಲ. ಅಜ್ಜಿ ಕೇಳಿದ್ದು ಅದೊಂದೇ.

ಆ ತಿಂಗಳಲ್ಲೇ ಮೀನಾ ಬಜಾರಿಗೆ ಹೋಗಿದ್ದು. ಬರ್ ದುಬೈನಲ್ಲಿದೆ, ಕರಾಮದಿಂದ ಹತ್ತಿರ. ಆಫೀಸ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೋದರೂ ಅಂಗಡಿ ತೆರೆದಿರುತ್ತದೆ, ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಬಹುದು. ಫೋನಲ್ಲಿ ಅಷ್ಟು ದಿನ ಕಣ್ಣು ಸೋತಿದ್ದಕ್ಕೋ ಏನೋ, ಅದೊಂದು ಸಮಾಧಾನವೇ ಬೇರೆ. ಆದರೆ ಅಲ್ಲಿ ನಾನು ಕಂಡಿದ್ದು ಹೆಚ್ಚಾಗಿ ಲೆಹೆಂಗಾ, ನೆಟ್ಟಿನ ಸೀರೆ, ಕಲ್ಲು ಕೂರಿಸಿದ ಸೀರೆ. ಧಾರೆ ಸೀರೆ ಅಂತ ಕೇಳಿದರೆ ಅರ್ಥವಾಗುವವರು ಸಿಗಲಿಲ್ಲ. ಆರತಕ್ಷತೆಗೆ ಮಾತ್ರ ವೈನ್ ಬಣ್ಣದ ಒಂದು ರೇಷ್ಮೆ ಸೀರೆ ತೆಗೆದುಕೊಂಡೆ. ಊರಿನಲ್ಲಿ ಅಂಥದ್ದಕ್ಕೆ ಕೊಡುವುದಕ್ಕಿಂತ ಒಂದೂವರೆ ಪಟ್ಟು ಬಿತ್ತು. ದುಡ್ಡು ಹೋಯಿತು ಅನ್ನಿಸಲಿಲ್ಲ. ಆರತಕ್ಷತೆ ಸೀರೆ ಉಡುವುದು ಲೈಟಿನ ಕೆಳಗೆ, ಆರಿಸಿದ್ದೂ ಲೈಟಿನ ಕೆಳಗೆ. ಅಪ್ಪಟ ರೇಷ್ಮೆ ಅಂತ ಗುರುತಿಸುವ ಸಿಲ್ಕ್ ಮಾರ್ಕ್ ಲೇಬಲ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ನಾನು ನೋಡಿದ ಮೊದಲ ಮೂರು ಸೀರೆಗೆ ಅದು ಇರಲಿಲ್ಲ.

ಆಗಸ್ಟಿನಲ್ಲಿ ಊರಿಗೆ ಹೋದೆ. ಆ ವರ್ಷ ವರಮಹಾಲಕ್ಷ್ಮಿ ಹಬ್ಬ 16ಕ್ಕೆ, ಶುಕ್ರವಾರ. ಹಬ್ಬಕ್ಕೆ ಮುಂಚೆ ರೇಷ್ಮೆ ಅಂಗಡಿಗೆ ಕಾಲಿಡಲು ಆಗುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಹಬ್ಬ ಮುಗಿದ ಮೇಲೆ, ಭಾನುವಾರ ಬೆಳಗ್ಗೆ ಬೆಂಗಳೂರಿಗೆ ಇಳಿದು ಏರ್‌ಪೋರ್ಟಿನಿಂದ ಫ್ಲೈಬಸ್ ಹತ್ತಿ ಮೈಸೂರು ಸೇರಿದೆ. ಮಾರನೇ ದಿನ ಮೂರು ಅಂಗಡಿ. ಮೂರನೆಯದರಲ್ಲಿ, ಮರದ ಬೀರುವಿನ ಕೆಳಗಿನ ಅರೆಯಿಂದ ಅಂಗಡಿಯ ಅಜ್ಜ ಒಂದು ಸೀರೆ ತೆಗೆದರು. ಕಾಂಚೀಪುರದ ಕೊರ್ವೈ, ಅಂದರೆ ಒಡಲು ಬೇರೆ, ಅಂಚು ಬೇರೆಯಾಗಿ ಹಿಡಿದು ಎರಡನ್ನೂ ಮಗ್ಗದಲ್ಲೇ ಕೂಡಿಸಿ ನೇಯ್ದದ್ದು. ಅವರು ಸೀರೆ ತಿರುಗಿಸಿ ನನ್ನ ಹೆಬ್ಬೆರಳನ್ನು ಬಿಳಿ, ಕೆಂಪು ಸೇರುವ ಜಾಗದ ಮೇಲೆ ಎಳೆಸಿದರು. ಸಣ್ಣ ಏಣು ಸಿಕ್ಕಿತು, ಅಕ್ಕಿಕಾಳಿನ ಅಂಚಿನಷ್ಟು. ಅದು ಯಾವ ಫೋನಿನಲ್ಲೂ ಕಾಣುವುದಲ್ಲ. ತೂಕವೂ ಹಾಗೆಯೇ. ಹೆಗಲ ಮೇಲೆ ಹಾಕಿಕೊಂಡಾಗಲೇ ಗೊತ್ತಾಗಿದ್ದು, ಇದನ್ನುಟ್ಟು ಹೋಮದ ಮುಂದೆ ಎರಡು ಗಂಟೆ ಕೂರಬಲ್ಲೆ ಅಂತ. ಅದಕ್ಕೂ ಮುಂಚೆ ನೋಡಿದ್ದೊಂದು ಸೀರೆ ಎಷ್ಟು ಚೆಂದವಿತ್ತೆಂದರೆ ಅಮ್ಮ ಆಗಲೇ ದುಡ್ಡು ತೆಗೆದಿದ್ದರು, ಆದರೆ ಭಾರಕ್ಕೆ ನನ್ನ ಹೆಗಲು ಅಲ್ಲೇ ಜಗ್ಗುತ್ತಿತ್ತು. ಫೋನಲ್ಲಾಗಿದ್ದರೆ ಅದೇ ಮನೆಗೆ ಬಂದಿರುತ್ತಿತ್ತು.

ವಿಮಾನದ ಟಿಕೆಟ್ ಲೆಕ್ಕ ಹಾಕಿದರೆ ಈ ಸೀರೆಯೇ ಎಲ್ಲಕ್ಕಿಂತ ದುಬಾರಿ. ಒಂದೇ ಒಂದು ಸಲ ಊರಿಗೆ ಹೋಗಿಬರಲು ಆಗುತ್ತದೆ ಅಂದರೆ ಆ ಪ್ರಯಾಣವನ್ನು ಧಾರೆ ಸೀರೆಗೇ ಇಟ್ಟುಕೊಳ್ಳಿ, ಉಳಿದಿದ್ದನ್ನು ಅಮ್ಮಂದಿರು ನೋಡಿಕೊಳ್ಳುತ್ತಾರೆ.

ಬ್ಲೌಸಿನ ಕಥೆ ಇದಕ್ಕೆ ಉಲ್ಟಾ ಆಯಿತು. ನಾನು ಊರಿನ ಟೈಲರನ್ನೇ ನಂಬಿದ್ದೆ. ಹಸಿರು ಸೀರೆಯ ಬ್ಲೌಸನ್ನು ಬೀರುವಿನಲ್ಲಿದ್ದ ಅಳತೆ ಬ್ಲೌಸ್ ಕೊಟ್ಟು ಹೊಲಿಸಿದರು ಅಮ್ಮ, 900 ರೂಪಾಯಿ. ಆ ಅಳತೆ ಎರಡು ವರ್ಷ ಹಳೆಯದು. ಆಗಸ್ಟಿನಲ್ಲಿ ಹಾಕಿ ನೋಡಿದರೆ ತೋಳು ಏರುತ್ತಲೇ ಇಲ್ಲ. ಪುಣ್ಯಕ್ಕೆ ಒಳಗೆ ಒಂದು ಇಂಚು ಬಟ್ಟೆ ಬಿಟ್ಟಿದ್ದರು, ಬಿಚ್ಚಿ ಹೊಲಿದರು. ಧಾರೆ ಸೀರೆಯ ಬ್ಲೌಸ್ ಪೀಸನ್ನು ಮಾತ್ರ ಕತ್ತರಿಸಿಕೊಂಡು ದುಬೈಗೆ ತಂದೆ, ಸೀರೆ ಅಲ್ಲೇ ಇರಲಿ, ಫಾಲ್ಸ್ ಹಾಕಲಿ, ಸೆರಗಿಗೆ ಕುಚ್ಚು ಕಟ್ಟಲಿ ಅಂತ. ಕುಚ್ಚು ಕಟ್ಟುವುದರಲ್ಲಿ ನಮ್ಮ ಬೀದಿಯ ಹೆಂಗಸರ ಕೈಯನ್ನು ಇಲ್ಲಿ ಯಾರಿಗೂ ಹೋಲಿಸಲಾರೆ. ಬ್ಲೌಸ್ ಹೊಲಿದದ್ದು ಮೀನಾ ಬಜಾರಿನ ಟೈಲರ್. 180 ದಿರ್ಹಮ್, ಆಗಿನ ಲೆಕ್ಕಕ್ಕೆ ನಾಲ್ಕು ಸಾವಿರ ರೂಪಾಯಿ ದಾಟಿತು. ಆದರೆ ಎರಡು ಸಲ ಹಾಕಿಸಿ ನೋಡಿದರು. ಎರಡನೇ ಸಲ ಕೈ ಮೇಲೆತ್ತಿ ಅಂದರು, ಹಾರ ಹಾಕುವಾಗ ಎತ್ತಬೇಕಲ್ವಾ ಅಂತ. ಕಂಕುಳಲ್ಲಿ ಹಿಡಿಯಿತು. ಅಲ್ಲೇ ಪಿನ್ ಹಾಕಿ ಗುರುತು ಮಾಡಿಕೊಂಡರು. ನಾವಿಲ್ಲದಾಗ ಹೊಲಿದ ಬ್ಲೌಸಿನಲ್ಲಿ ಇದು ಗೊತ್ತಾಗುವ ಮಾತೇ ಇಲ್ಲ. ಸೀರೆ ಊರಲ್ಲಿ, ಬ್ಲೌಸ್ ನೀವಿರುವಲ್ಲಿ: ನನ್ನ ಅನುಭವಕ್ಕೆ ಇದೇ ಸರಿ.

ಚಿನ್ನದ ಬಗ್ಗೆ ಎಲ್ಲರೂ ಕೇಳುತ್ತಾರೆ, ದುಬೈನಲ್ಲಿದ್ದೀಯಲ್ಲ, ಅಲ್ಲೇ ತಗೋ ಅಂತ. ಮುಂಚೆ ಆ ಮಾತು ಸರಿ. 2024ರ ಜುಲೈನಲ್ಲಿ ಭಾರತ ಚಿನ್ನದ ಆಮದು ಸುಂಕವನ್ನು 15ರಿಂದ 6 ಪರ್ಸೆಂಟಿಗೆ ಇಳಿಸಿತು, ಅಂತರ ಬಹಳ ಕಡಿಮೆಯಾಯಿತು. ಇಲ್ಲಿ ಒಡವೆ ಮೇಲೆ 5 ಪರ್ಸೆಂಟ್ ವ್ಯಾಟ್, ಪ್ರವಾಸಿಗಳಿಗೆ ವಾಪಸ್ ಸಿಗುತ್ತದೆ, ಇಲ್ಲೇ ವಾಸವಿರುವ ನಮಗೆ ಇಲ್ಲ. ಊರಲ್ಲಿ ಜಿಎಸ್‌ಟಿ 3. ವರ್ಷಕ್ಕಿಂತ ಜಾಸ್ತಿ ಹೊರಗಿದ್ದ ಹೆಂಗಸು 40 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದು ಅಂತಿದ್ದರೂ ನಾನು ತಂದಾಗ ಅದಕ್ಕೆ 1 ಲಕ್ಷ ರೂಪಾಯಿಯ ಮಿತಿಯೂ ಇತ್ತು, ಆಗಿನ ರೇಟಿಗೆ ಅದು ಹದಿನಾಲ್ಕು ಗ್ರಾಂ ಆಸುಪಾಸು. ಡೇರಾದ ಗೋಲ್ಡ್ ಸೂಕ್‌ನಲ್ಲಿ ಒಂದು ಸಣ್ಣ ಜೊತೆ ಬಳೆ ತೆಗೆದುಕೊಂಡು ಬಿಲ್ಲನ್ನು ಪಾಸ್‌ಪೋರ್ಟಿನ ಜೊತೆಯೇ ಇಟ್ಟುಕೊಂಡೆ. ಉಳಿದಿದ್ದು ಮೈಸೂರಿನಲ್ಲೇ, ಹಾಲ್‌ಮಾರ್ಕ್, ಪ್ರತಿ ಒಡವೆಗೂ ಬೇರೆಬೇರೆ ಇರುವ ಆರಕ್ಷರದ ಗುರುತು ಎಚ್‌ಯುಐಡಿ ನೋಡಿ.

ತಾಳಿಯನ್ನು ಎಲ್ಲೂ ಹೋಲಿಸಿ ನೋಡಲಿಲ್ಲ. ನಮ್ಮಲ್ಲಿ ಎರಡು ತಾಳಿ, ಒಂದು ತವರಿನದು, ಒಂದು ಅತ್ತೆ ಮನೆಯದು. ತವರಿನದನ್ನು ಮಾಡಿಕೊಟ್ಟವರು ಅಮ್ಮನ ತಾಳಿ ಮಾಡಿದ ಅಕ್ಕಸಾಲಿಗರೇ. ಅವರ ಕಣ್ಣು ಈಗ ಮಂಜು. ಮಗ ಬೆಂಕಿ ಊದಿದ, ಅವರು ಕೈ ಹಿಡಿದು ಹೇಳಿಕೊಟ್ಟರು. ಆ ದಿನ ಅಮ್ಮ ಬೋಟಿಮ್‌ನಲ್ಲಿ ಕಾಲ್ ಮಾಡಿದ್ದರು. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಪೂರ್ತಿ ನೋಡಿದೆ.