ಶಾಂತಿ ಅಧ್ಯಯನ: ದೆಹಲಿಯೋ, ಬ್ರಾಡ್‌ಫರ್ಡೋ, ಉಪ್ಸಾಲಾವೋ?

ಶಾಂತಿ ಮತ್ತು ಸಂಘರ್ಷ ವಿಷಯದಲ್ಲಿ ಎಂಎ ಎಲ್ಲಿ ಮಾಡಲಿ ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ಮಾತು. ದೆಹಲಿಯ ಜಾಮಿಯಾ ಕೇಂದ್ರೀಯ ವಿಶ್ವವಿದ್ಯಾಲಯ, ಫೀಸು ಎಷ್ಟೋ ಕಡಿಮೆ. ಬ್ರಿಟನ್ನಿನ ಬ್ರಾಡ್‌ಫರ್ಡ್, ಸ್ವೀಡನ್ನಿನ ಉಪ್ಸಾಲಾ ಎರಡೂ ದುಬಾರಿ. 2011ಕ್ಕೆ ಮುಂಚೆ ಸ್ವೀಡನ್‌ನಲ್ಲಿ ನಮ್ಮವರಿಗೂ ಫೀಸೇ ಇರಲಿಲ್ಲ. ಈಗ ಹೇಳಿ ಏನು ಪ್ರಯೋಜನ, ಅಲ್ವಾ?

ಕಲಿಸುವ ರೀತಿ ಬೇರೆ ಬೇರೆ. ಉಪ್ಸಾಲಾದವರು ಲೆಕ್ಕದ ಜನ. ವರ್ಷಕ್ಕೆ ಕನಿಷ್ಠ 25 ಮಂದಿ ಕಾಳಗದಲ್ಲಿ ಸತ್ತರೆ ಅದನ್ನು ಸಶಸ್ತ್ರ ಸಂಘರ್ಷ ಎಂದು ಎಣಿಸುವ ಹೆಸರಾಂತ ದತ್ತಾಂಶ ಅಲ್ಲಿಯದೇ. ಅಂಕಿಅಂಶ ಇಷ್ಟವಿದ್ದರೆ ಅಲ್ಲಿಗೆ ಹೋಗಿ. ಯುದ್ಧವೇ ಬೇಡ ಎನ್ನುವ ಕ್ರೈಸ್ತ ಪಂಥದವರಾದ ಕ್ವೇಕರ್‌ಗಳ ನೆರವಿನಿಂದ 1973ರಲ್ಲಿ ಶುರುವಾದ ಬ್ರಾಡ್‌ಫರ್ಡ್ ವಿಭಾಗದಲ್ಲಿ ಸಂಧಾನ, ಅಭಿವೃದ್ಧಿಯ ಕಡೆ ಒಲವು ಜಾಸ್ತಿ. ಒಂದೇ ವರ್ಷಕ್ಕೆ ಮುಗಿಸಬೇಕೆನ್ನುವವರಿಗೆ ಅದು ಸರಿ. ಉಳಿದೆರಡು ಕಡೆ ಎರಡು ವರ್ಷ. ಇಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಸುಮ್ನೆ ಸಾಲ ಯಾಕೆ? ಜಾಮಿಯಾ ನೋಡಿ.