ಮಲೇರಿಯಾ ನಕ್ಷೆಗೆ ಯಾವುದು: ಕ್ಯೂಜಿಐಎಸ್, ಆರ್, ಸ್ಯಾಟ್‌ಸ್ಕ್ಯಾನ್?

ಮಂಗಳೂರಿನಂಥ ಊರಿನ ವಾರ್ಡ್‌ವಾರು ಮಲೇರಿಯಾ ಲೆಕ್ಕ ಎಕ್ಸೆಲ್ ಶೀಟಿನಲ್ಲಿದ್ದು, ಅದನ್ನು ನಕ್ಷೆಗೆ ತರಬೇಕಾದವರು ಮೊದಲು ಕ್ಯೂಜಿಐಎಸ್ ಹಾಕಿಕೊಳ್ಳಿ. ನಕ್ಷೆ ಮಾಡುವ ಉಚಿತ, ಮುಕ್ತ ತಂತ್ರಾಂಶ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಕೋಡ್ ಬರೆಯಬೇಕಿಲ್ಲ. ಶೀಟನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಮಾಡಿ ವಾರ್ಡ್ ಗಡಿಯ ಫೈಲಿಗೆ ಜೋಡಿಸಿದರೆ ಆಯಿತು. ಹೆಸರಿಗಿಂತ ವಾರ್ಡ್ ಸಂಖ್ಯೆಯಿಂದ ಜೋಡಿಸುವುದು ವಾಸಿ, ಆದರೆ ಒಂದು ಕಡೆ ‘07’, ಇನ್ನೊಂದು ಕಡೆ ‘7’ ಅಂತ ಪಠ್ಯವಾಗಿ ಕೂತಿದ್ದರೆ ಆ ವಾರ್ಡ್ ಖಾಲಿಯೇ ಉಳಿಯುತ್ತದೆ. ಬಣ್ಣವನ್ನು ಬರೀ ಪ್ರಕರಣಗಳ ಸಂಖ್ಯೆ ನೋಡಿ ತುಂಬಬೇಡಿ. ವರ್ಷಕ್ಕೆ 1000 ಜನರಲ್ಲಿ ಎಷ್ಟು ಮಂದಿಗೆ ಬಂತು ಎನ್ನುವ ಎಪಿಐ ತೆಗೆದುಕೊಳ್ಳಿ. ಇಲ್ಲದಿದ್ದರೆ ಜನ ಹೆಚ್ಚಿರುವ ವಾರ್ಡೇ ಕೆಂಪಾಗಿ, ಔಷಧಿ ಸಿಂಪಡಿಸುವವರು ತಪ್ಪು ಬೀದಿಗೆ ಹೋಗುತ್ತಾರೆ.

ಪ್ರತಿ ತಿಂಗಳೂ ಅದೇ ನಕ್ಷೆ ಬೇಕೇ? ಆಗ ಅಂಕಿಅಂಶದ ಕೆಲಸಕ್ಕೆ ಕೋಡ್ ಬರೆಯುವ ಭಾಷೆಯಾದ ಆರ್ ಮೇಲು. ಕಲಿಯಲು ಸಮಯ ಹಿಡಿಯುತ್ತದೆ, ನಿಜ. ಸ್ಕ್ರಿಪ್ಟ್ ಒಮ್ಮೆ ಸಿದ್ಧವಾದರೆ ಹೊಸ ಫೈಲ್ ಕೊಟ್ಟರೆ ಸಾಕು. ಅದರ ‘ಮಲೇರಿಯಾಅಟ್ಲಾಸ್’ ಪ್ಯಾಕೇಜ್ (ಸೇರಿಸಿಕೊಳ್ಳುವ ಉಪಕರಣ), ಜಗತ್ತಿನ ಮಲೇರಿಯಾ ಮಾಹಿತಿ ಕಲೆಹಾಕುವ ಮಲೇರಿಯಾ ಅಟ್ಲಾಸ್ ಪ್ರಾಜೆಕ್ಟಿನ ಸಮೀಕ್ಷೆಗಳನ್ನೂ ಸೊಳ್ಳೆ ಪ್ರಭೇದಗಳು ಸಿಕ್ಕ ಜಾಗಗಳನ್ನೂ ನೇರ ಇಳಿಸಿಕೊಡುತ್ತದೆ. ಅಲ್ಲಿನ ರೋಗದ ನಕ್ಷೆಗಳು ಸುಮಾರು 5 ಕಿ.ಮೀ. ಚೌಕದ ಅಂದಾಜುಗಳು. ದೇಶ, ರಾಜ್ಯ ನೋಡಲು ಒಳ್ಳೆಯವು, ವಾರ್ಡಿಗೆ ಒಗ್ಗುವುದಿಲ್ಲ.

ಸ್ಯಾಟ್‌ಸ್ಕ್ಯಾನ್ ಕೆಲಸವೇ ಬೇರೆ. ಒಂದೆಡೆ ಕೇಸುಗಳು ಗುಂಪಾಗಿರುವುದು ಆಕಸ್ಮಿಕವೇ ಎಂದು ಅದು ಪರೀಕ್ಷಿಸುತ್ತದೆ. ಇದೂ ಉಚಿತ. ಜನಸಂಖ್ಯೆಯ ಲೆಕ್ಕ ಇಲ್ಲದಿದ್ದರೂ ಕೇಸಿನ ದಿನಾಂಕ, ಜಾಗ ಇದ್ದರೆ ಅದರ ಒಂದು ಮಾದರಿ ಓಡುತ್ತದೆ.