ಕಂಪ್ರೆಸರ್ ತಗೊಳ್ಳುವ ಮೊದಲು ಕೇಳಿ: ನೀರು ಎಲ್ಲಿಗೆ ಹೋಗ್ತದೆ?

ಏರ್ ರೈಫಲಿಗೆ ಗಾಳಿ ತುಂಬುವ ಕಂಪ್ರೆಸರಿಗೆ 32,000. ಮಗಳ ರೈಫಲ್ ರಿಪೇರಿಗೆ 14,500. ತಪ್ಪಿಹೋದ ಒಂದು ಸ್ಪರ್ಧೆ, ಮನೆಯಲ್ಲಿ ತಿಂದ ಬೈಗುಳ ಬೇರೆ. ಇದು ನನ್ನ ಲೆಕ್ಕ. ಮಂಗಳೂರು, ಉಡುಪಿ ಕಡೆ ಈಗ ಏರ್ ರೈಫಲ್ ಕಲಿಯುವ ಮಕ್ಕಳು ಹೆಚ್ಚಾಗ್ತಿದ್ದಾರೆ, ಅವರ ಅಪ್ಪಂದಿರ ಮೊಬೈಲಿಗೆ ಈ ಮೆಷಿನ್‌ನ ಜಾಹೀರಾತು ಬರ್ತಾ ಇರ್ತದೆ. ನನಗೂ ಹಾಗೆಯೇ ಬಂದದ್ದು. ಮಾರಿದವನ ಹೆಸರು ಬರೆಯುವುದಿಲ್ಲ. ಅವನ ಪೇಜ್ ಈಗಾಗಲೇ ಎರಡು ಸಲ ಹೆಸರು ಬದಲಾಯಿಸಿಯಾಗಿದೆ.

ನಾನು ಸುರತ್ಕಲ್ ಕಡೆಯ ಗಣಿತ ಮಾಷ್ಟ್ರು. ಮಗಳು ಹತ್ತು ಮೀಟರ್ ಏರ್ ರೈಫಲ್ ಆಡ್ತಾಳೆ. ಅವಳದ್ದು ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್. ತುಂಬಬೇಕಾದ್ದು 200 ಬಾರ್ ಒತ್ತಡಕ್ಕೆ. ಕಾರಿನ ಟಯರಿಗೆ ನಾವು ಹಾಕಿಸುವ 32 ಪಿಎಸ್‌ಐ ಅಂದರೆ ಎರಡು ಬಾರಿಗಿಂತ ಸ್ವಲ್ಪ ಜಾಸ್ತಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಂಟು ಹತ್ತು ಬಾರ್ ದಾಟುವುದಿಲ್ಲ, ಅಲ್ಲಿಗೆ ಕೊಂಡುಹೋದರೆ ನಕ್ಕು ಕಳಿಸ್ತಾರೆ. ಮೂರು ಹಂತದ ಕೈಪಂಪು ಒಂದಿತ್ತು. ಮೊದಲ ನೂರು ಬಾರ್ ಆರಾಮ, ಆಮೇಲೆ ಮೈಯ ಭಾರ ಪೂರ್ತಿ ಅದರ ಮೇಲೆ ಹಾಕಬೇಕು. ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಪಂಪು ಒತ್ತಿ, ಬೆವರಿ, ಸ್ನಾನ ಮಾಡಿ ಶಾಲೆಗೆ ಓಡುವುದು. ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಕರೆದುಕೊಂಡು ಹೋಗುವವರ ಹತ್ತಿರ ಒಳ್ಳೆಯ ಕಂಪ್ರೆಸರ್ ಇರ್ತದೆ ಎಂದು ಗೊತ್ತಿತ್ತು. ಆದರೆ ಗಾಳಿಗಾಗಿ ನೂರೈವತ್ತು ಕಿಲೋಮೀಟರ್ ಹೋಗುವವರು ಯಾರು?

ಹಾಗಿರುವಾಗ ಈ ಜಾಹೀರಾತು. ನೀರಿನಲ್ಲಿ ತಂಪಾಗುವ ಎರಡು ಹಂತದ ಕಂಪ್ರೆಸರ್, 4500 ಪಿಎಸ್‌ಐ, ತನ್ನಿಂದ ತಾನೇ ನಿಲ್ಲುವ ವ್ಯವಸ್ಥೆ, ಜೊತೆಗೆ ಆಫರಿನಲ್ಲಿ ಮೂರು ಲೀಟರಿನ ಕಾರ್ಬನ್ ಫೈಬರ್ ಟ್ಯಾಂಕ್. ವಾಟ್ಸಾಪಿನಲ್ಲಿ ಕೇಳಿದೆ. "ಸಾರ್, ಒಂದು ವರ್ಷ ಗ್ಯಾರಂಟಿ, ಕಣ್ಣು ಮುಚ್ಚಿ ತಗೊಳ್ಳಿ" ಅಂದ. ಕಣ್ಣು ಮುಚ್ಚಿಯೇ ತಗೊಂಡೆ. ಹಣ ಹೋದದ್ದು ಯಾರದ್ದೋ ವೈಯಕ್ತಿಕ ಯುಪಿಐಗೆ. ಜಿಎಸ್‌ಟಿ ಬಿಲ್ ಕೇಳಿದರೆ ಹದಿನೆಂಟು ಪರ್ಸೆಂಟ್ ಮೇಲೆ ಕೊಡಬೇಕು ಅಂದ, ಬೇಡ ಅಂದೆ. ಆ "ಬೇಡ" ಎಷ್ಟು ದುಬಾರಿ ಆಯ್ತೆಂದು ಮುಂದೆ ಹೇಳ್ತೇನೆ.

ಮೇ ಕೊನೆಗೆ ಲಾರಿ ಪಾರ್ಸೆಲಿನಲ್ಲಿ ಪೆಟ್ಟಿಗೆ ಬಂತು. ಒಳಗೆ ಮೆಷಿನ್, ಬಕೆಟಿನಲ್ಲಿ ಮುಳುಗಿಸುವ ಸಣ್ಣ ಪಂಪು, ಎರಡು ಪ್ಲಾಸ್ಟಿಕ್ ಪೈಪು, ಹತ್ತಿ ತುಂಬಿದ ಬೆರಳುದ್ದದ ಫಿಲ್ಟರ್, ಸಣ್ಣ ಪ್ಯಾಕೆಟಿನಲ್ಲಿ ನಾಲ್ಕೈದು ತಾಮ್ರದ ಬಿಲ್ಲೆ. ಆಯಿಲ್ ಇರಲಿಲ್ಲ. ಫೋನ್ ಮಾಡಿದರೆ "ಬೈಕಿಗೆ ಹಾಕುವ ಇಂಜಿನ್ ಆಯಿಲ್ ಹಾಕಿ ಸಾರ್, ಎಂತ ಆಗುದಿಲ್ಲ" ಅಂದ. ಹಾಕಿದೆ.

ಮೊದಲ ಎರಡು ವಾರ ನಾನೇ ರಾಜ. ಬಕೆಟಿಗೆ ನೀರು, ಸ್ವಿಚ್ ಹಾಕಿದರೆ ಡಬಡಬ ಸದ್ದು, ನೋಡ್ತಾ ನೋಡ್ತಾ ಟ್ಯಾಂಕ್ 300 ಬಾರ್. ಅದರಿಂದ ರೈಫಲಿಗೆ ಇನ್ನೂರು. ಶೂಟಿಂಗ್ ರೇಂಜಿನ ಬೇರೆ ಇಬ್ಬರು ಮಕ್ಕಳ ಸಿಲಿಂಡರೂ ತುಂಬಿಸಿ ಕೊಟ್ಟೆ. ಈಗ ನೆನೆಸಿದರೆ ನಾಚಿಕೆ ಆಗ್ತದೆ, ಆ ಸಿಲಿಂಡರುಗಳ ಒಳಗೂ ಅದೇ ಗಾಳಿ ಹೋಗಿದೆಯಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಉಪ್ಪಿನ ಭರಣಿ ನೀರು ಬಿಡ್ತದೆ, ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸ್ಟು. ಆ ಗಾಳಿಯನ್ನೇ ಮೆಷಿನ್ ಎಳೆದುಕೊಳ್ಳುವುದು, ಬೇರೆ ಗಾಳಿ ಎಲ್ಲಿಂದ ಬರಬೇಕು? ಮುವತ್ತು ಡಿಗ್ರಿಯಲ್ಲಿ, ಆರ್ದ್ರತೆ 85 ಪರ್ಸೆಂಟ್ ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರಿರ್ತದೆ. ಮೂರು ಲೀಟರ್ ಟ್ಯಾಂಕನ್ನು ಖಾಲಿಯಿಂದ 300 ಬಾರಿಗೆ ತುಂಬಲು ಹೆಚ್ಚುಕಡಿಮೆ 900 ಲೀಟರ್ ಹೊರಗಿನ ಗಾಳಿ ಬೇಕು. ಅಂದರೆ ಒಂದು ಸಲ ತುಂಬುವಾಗ ನಾಲ್ಕು ಚಮಚ ನೀರು ಮೆಷಿನ್‌ನ ಒಳಗೆ ಬರ್ತದೆ. ಗಾಳಿಯನ್ನು ಅಷ್ಟು ಒತ್ತಿ ತಂಪು ಮಾಡಿದರೆ ಅದು ಹಬೆಯಾಗಿ ಉಳಿಯುವುದಿಲ್ಲ, ಬಹುಪಾಲು ನೀರಾಗಿಯೇ ಇಳಿಯಬೇಕು. ಹೈಸ್ಕೂಲಿನ ಲೆಕ್ಕ ಇದು. ಲೆಕ್ಕದ ಮಾಷ್ಟ್ರಿಗೆ ಹೊಳೆದದ್ದು ರೈಫಲ್ ಹಾಳಾದ ಮೇಲೆ!

ಆ ನೀರನ್ನು ಹೊರಗೆ ಬಿಡಲು ಮೆಷಿನ್‌ನಲ್ಲಿ ಒಂದು ಸ್ಕ್ರೂ ಉಂಟು. ಓಡುತ್ತಿರುವಾಗಲೇ ಕೆಲವು ನಿಮಿಷಕ್ಕೊಮ್ಮೆ ಅದನ್ನು ಸಡಿಲಿಸಿ ಉಸಿರು ಬಿಡಿಸಬೇಕು. ಮಾರಿದವನು ಇದನ್ನು ಹೇಳಲೇ ಇಲ್ಲ, ಜೊತೆಗೆ ಬಂದ ಚೀಟಿ ಚೀನೀ ಭಾಷೆಯಲ್ಲಿತ್ತು. ನಾನು ಪೂರ್ತಿ ತುಂಬಿದ ಮೇಲೆ ಕೊನೆಗೊಮ್ಮೆ ಮಾತ್ರ ಬಿಡ್ತಿದ್ದೆ. ಬಿಟ್ಟಾಗ ಪುಸ್ಸನೆ ಹಾಲಿನ ಹಾಗೆ ಬೆಳ್ಳಗೆ ಚಿಮ್ಮುತ್ತಿತ್ತು, ಆಯಿಲೂ ನೀರೂ ಬೆರೆತದ್ದು. ನೀರು ಹೊರಗೆ ಬರ್ತಾ ಉಂಟಲ್ಲ, ಒಳ್ಳೆಯದಾಯ್ತು ಎಂದು ಸಮಾಧಾನಪಟ್ಟುಕೊಂಡೆ. ಉಳಿದದ್ದನ್ನು ತಡೆಯಬೇಕಾದ ಹತ್ತಿ ಫಿಲ್ಟರ್ ಮೊದಲ ಐದು ನಿಮಿಷದಲ್ಲೇ ಒದ್ದೆ ಮುದ್ದೆ.

ಜುಲೈ ಹೊತ್ತಿಗೆ ಮಗಳ ಗುಂಡುಗಳು ಚದರತೊಡಗಿದವು. ಏರ್ ರೈಫಲ್ ಟಾರ್ಗೆಟಿನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಗುಂಡು ನಾಲ್ಕೂವರೆ ಮಿಲಿಮೀಟರ್. ಅಲ್ಲಿ ಗಾಳಿಯ ಒತ್ತಡ ಒಂದಿಷ್ಟು ಹೆಚ್ಚುಕಡಿಮೆ ಆದರೂ ಗುಂಡು ಮೇಲೆ ಕೆಳಗೆ ಹೋಗ್ತದೆ. ನಾವು ಅದನ್ನು ಯೋಚಿಸಲೇ ಇಲ್ಲ. ಕೋಚ್ ಟ್ರಿಗರ್ ಎಳೆಯುವುದು ಸರಿ ಇಲ್ಲ ಅಂದರು, ನಾನು ಮೊಬೈಲ್ ಜಾಸ್ತಿ ಆಯ್ತು ಅಂದೆ. "ಅಪ್ಪ, ನಾನು ಸರಿಯೇ ಹೊಡಿತಾ ಇದ್ದೇನೆ, ರೈಫಲಿಗೆ ಎಂತದೋ ಆಗಿದೆ" ಎಂದು ಅವಳು ಹೇಳಿದ್ದನ್ನು ಹದಿನೈದು ದಿನ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಣ ಹೋದದ್ದಕ್ಕಿಂತ ನನಗೆ ಇದೇ ಚುಚ್ಚುವುದು.

ಅದೇ ಹೊತ್ತಿಗೆ ಒಂದು ಸಂಜೆ, ಮೀಟರ್ 260 ತೋರಿಸುತ್ತಿರುವಾಗ, ಮೆಷಿನ್‌ನಿಂದ ಗರ್ನಾಲ್ ಸಿಡಿದ ಹಾಗೆ ಸದ್ದು. ಪಕ್ಕದ ಮನೆಯವರು ಹೊರಗೆ ಓಡಿ ಬಂದರು. ಒಡೆದದ್ದು ಆ ತಾಮ್ರದ ಬಿಲ್ಲೆ, ಸೇಫ್ಟಿ ಡಿಸ್ಕ್. ಒತ್ತಡ ಮೀರಿದರೆ ಬೇರೆ ಏನೂ ಸಿಡಿಯುವ ಮೊದಲು ತಾನು ಒಡೆದು ಗಾಳಿ ಬಿಡುವುದು ಅದರ ಕೆಲಸ. ಹೊಸದನ್ನು ಹಾಕಿದೆ, ಎರಡು ದಿನದಲ್ಲಿ ಅದೂ ಹೋಯ್ತು. ಮಾರಿದವನಿಗೆ ಫೋನ್ ಮಾಡಿದೆ. ಅವನು ಹೇಳಿದ ಮಾತು ಹೀಗೆ: "ಎರಡು ಡಿಸ್ಕ್ ಒಟ್ಟಿಗೆ ಹಾಕಿ ಸಾರ್, ಎಲ್ಲರೂ ಹಾಗೇ ಮಾಡುದು."

ನಾನೂ ಹಾಕುತ್ತಿದ್ದೆನೋ ಏನೋ. ಡಿಸ್ಕ್ ಮುಗಿಯುತ್ತಾ ಬಂದಿತ್ತು, ಅಂಥದ್ದೇ ಸಿಗ್ತದಾ ಎಂದು ಕೇಳಲು ಬಂದರಿಗೆ ಹೋದೆ. ದಕ್ಕೆಯ ಹತ್ತಿರ ಬೋಟಿನ ಇಂಜಿನ್ ರಿಪೇರಿ ಮಾಡುವ ಕಾಕ ಒಬ್ಬರಿದ್ದಾರೆ. ವಿಷಯ ಕೇಳಿ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಫ್ಯೂಸ್ ಹೋಗ್ತದೆ ಎಂದು ದಪ್ಪ ತಂತಿ ಕಟ್ತೀರಾ ಮಾಷ್ಟ್ರೆ? ಮೆಷಿನ್ ತಕ್ಕೊಂಡು ಬನ್ನಿ."

ಭಾನುವಾರ ರಿಕ್ಷಾದಲ್ಲಿ ಹಾಕಿಕೊಂಡು ಹೋದೆ. ಕಾಕ ತನ್ನ ಹತ್ತಿರದ ಬೇರೊಂದು ಮೀಟರ್ ಜೋಡಿಸಿ ನೋಡಿದರು. ಮೆಷಿನ್‌ನ ಮೀಟರ್ 200 ಅನ್ನುವಾಗ ಅವರದ್ದು 230. ಮುವತ್ತು ಬಾರ್ ಸುಳ್ಳು! ತಾನೇ ನಿಲ್ಲುವ ವ್ಯವಸ್ಥೆಯೂ ಅದೇ ಮೀಟರಿನ ಮುಳ್ಳನ್ನು ನಂಬಿ ಕೂತದ್ದು. ಡಿಸ್ಕ್ ಎಷ್ಟಕ್ಕೆ ಒಡೆಯಬೇಕು ಎಂದು ಪ್ಯಾಕೆಟಿನ ಮೇಲೆ ಬರೆದೇ ಇಲ್ಲ. ತಲೆ ಬಿಚ್ಚಿದರೆ ವಾಲ್ವಿನ ಸುತ್ತ ಕಪ್ಪು ಮಸಿ, ಬೈಕಿನ ಆಯಿಲ್ ಕರಕಲಾದದ್ದು. ಆಯಿಲಿನಿಂದ ಅಷ್ಟೆಂತ ಆಗ್ತದೆ ಎಂದು ಕೇಳಿದೆ. "ಡೀಸೆಲ್ ಇಂಜಿನಿಗೆ ಪ್ಲಗ್ ಎಲ್ಲಿ ಉಂಟು? ಒತ್ತಿಯೇ ಹತ್ತಿಕೊಳ್ಳುವುದಲ್ವಾ? ಇದರೊಳಗೂ ಗಾಳಿ ಉಂಟು, ಬಿಸಿ ಉಂಟು, ನೀವು ಆಯಿಲ್ ಆವಿ ಬೇರೆ ಕೊಟ್ಟಿದ್ದೀರಿ" ಅಂದರು. ನನ್ನ ಬಾಯಿ ಅಲ್ಲಿಗೇ ಬಂದ್. ಕಂಪ್ರೆಸರಿಗೆಂದೇ ಇರುವ ಆಯಿಲ್ ಬಿಟ್ಟು ಬೇರೆ ಹಾಕಬೇಡಿ, ಹಾಕಿ ಅನ್ನುವವನ ಹತ್ತಿರ ಮೆಷಿನ್ನೇ ತಗೊಳ್ಳಬೇಡಿ.

ಮೆಷಿನ್ ತಂಪು ಮಾಡುವ ನೀರು ಓಡುವ ದಾರಿಯಲ್ಲಿ ಬಿಳಿ ಕಿಟ್ಟ ಕಟ್ಟಿತ್ತು. ಅದು ನಮ್ಮ ಬೋರ್‌ವೆಲ್ ನೀರಿನ ಪ್ರಸಾದ, ಅದಕ್ಕೆ ಮಾರಿದವನನ್ನು ದೂರುವುದಿಲ್ಲ.

ಕಾಕನಿಗೆ ಎಲ್ಲಕ್ಕಿಂತ ಹೆದರಿಕೆ ಆದದ್ದು ಟ್ಯಾಂಕ್ ನೋಡಿ. ತಿರುಗಿಸಿ ಮುರುಗಿಸಿ ನೋಡಿದರೂ ಅದರ ಮೇಲೆ ತಯಾರಾದ ತಾರೀಕಿಲ್ಲ, ಟೆಸ್ಟ್ ಆದ ತಾರೀಕಿಲ್ಲ, ಪೆಸೋ ಒಪ್ಪಿಗೆಯ ಗುರುತಿಲ್ಲ. ಪೆಸೋ ಅಂದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅರ್ಧ ಲೀಟರಿಗಿಂತ ದೊಡ್ಡ ಸಿಲಿಂಡರ್ ಆದರೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸ್ತವೆ, ಕಾಲಕಾಲಕ್ಕೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಅಂಥ ಗುರುತಿಲ್ಲದ ಟ್ಯಾಂಕನ್ನು ನಾನು ಎರಡು ತಿಂಗಳು ಮಗಳು ಓದಲು ಕೂರುವ ಕೋಣೆಯ ಮೂಲೆಯಲ್ಲಿ, 300 ಬಾರ್ ತುಂಬಿಸಿ, ನಿಲ್ಲಿಸಿಟ್ಟಿದ್ದೆ. ಅಂದೇ ನಿಧಾನಕ್ಕೆ ಖಾಲಿ ಮಾಡಿದೆ, ಮತ್ತೆ ತುಂಬಿಲ್ಲ.

ರೈಫಲನ್ನು ಸರ್ವಿಸಿಗೆ ಬೆಂಗಳೂರಿಗೆ ಕಳಿಸಿದೆ. ಬಿಚ್ಚಿದವರು ಫೋಟೋ ಹಾಕಿದರು. ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ಬಿಳಿ ಪುಡಿ, ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರಿನ ವಾಷರುಗಳಿಗೆ ತುಕ್ಕು, ಎಲ್ಲದಕ್ಕೂ ಹಾಲಿನಂಥ ಜಿಡ್ಡು. ಸಿಲಿಂಡರ್ ಹೊಸದೇ ಹಾಕಬೇಕಾಯ್ತು. (ಹಳೆಯ ರೈಫಲ್ ತಗೊಳ್ಳುವವರು ಇದನ್ನೂ ನೋಡಿ: ಸಿಲಿಂಡರಿಗೆ ಹೆಚ್ಚೆಂದರೆ ಹತ್ತು ವರ್ಷ ಎಂಬ ನಿಯಮ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಉಂಟು. ತಾರೀಕು ಮೀರದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಆಡುವವರದ್ದೇ.) ಜಿಲ್ಲೆಯ ಹೊರಗೆ ಇದ್ದ ಒಂದು ಸ್ಪರ್ಧೆಗೆ ರೈಫಲ್ ಸಮಯಕ್ಕೆ ಬರಲಿಲ್ಲ. ಮಗಳು ನನ್ನ ಹತ್ತಿರ ಏನೂ ಹೇಳಲಿಲ್ಲ.

ಮಾರಿದವನ ಹತ್ತಿರ ಗ್ಯಾರಂಟಿ ಕೇಳಿದೆ. "ಮೆಷಿನ್ ಬಿಚ್ಚಿದ್ದೀರಿ, ಗ್ಯಾರಂಟಿ ಇಲ್ಲ" ಅಂದ, ಮರುದಿನ ಬ್ಲಾಕ್ ಮಾಡಿದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅವರು ಮೊದಲು ಕೇಳಿದ್ದೇ ಬಿಲ್. ನನ್ನ ಹತ್ತಿರ ಇರುವುದು ಯುಪಿಐ ರಸೀದಿ, ವಾಟ್ಸಾಪ್ ಮಾತು, ಲಾರಿ ಆಫೀಸಿನ ಚೀಟಿ. ಅದನ್ನೇ ಜೋಡಿಸಿ ಕಳಿಸಿದೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಉಂಟು, ಹೋಗುವ ಮನಸ್ಸೂ ಉಂಟು. ಆದರೆ ಎದುರುಗಾರನ ಸರಿಯಾದ ವಿಳಾಸವೇ ಇಲ್ಲದೆ ನೋಟಿಸ್ ಯಾರಿಗೆ ಕಳಿಸುವುದು? ಬಿಲ್ಲಿನಲ್ಲಿ ಉಳಿಸಿದ ಹಣದ ಕತೆ ಇದು.

ಹಾಗಾದರೆ ಕಂಪ್ರೆಸರ್ ತಗೊಳ್ಳಲೇಬಾರದಾ ಎಂದು ಇಬ್ಬರು ಕೇಳಿದರು. ತಗೊಳ್ಳಬಹುದು, ಆದರೆ ಎಷ್ಟು ಬಾರ್ ಏರ್ತದೆ ಎಂದು ಮೊದಲು ಕೇಳಬೇಡಿ, ಎಲ್ಲ ಮೆಷಿನ್ನೂ ಏರಿಸ್ತದೆ. ನೀರು ಎಲ್ಲಿಗೆ ಹೋಗ್ತದೆ ಎಂದು ಕೇಳಿ. ನೀರು ಬೇರ್ಪಡಿಸುವ ಪಾತ್ರೆ ಬೇರೆಯೇ ಇರಬೇಕು. ಅದರ ನಂತರ ನೀರಿನ ಆವಿ ಹೀರಿಕೊಳ್ಳುವ ಮಾಲಿಕ್ಯುಲರ್ ಸೀವ್ ಕಾಳು ತುಂಬಿದ ದೊಡ್ಡ ಫಿಲ್ಟರ್ ಬೇಕು, ಜೊತೆಗೆ ಆಯಿಲ್ ವಾಸನೆ ಹಿಡಿಯಲು ಇದ್ದಿಲು. ಫಿಲ್ಟರಿನ ಒಳಗೆ ಒತ್ತಡ ಸಾಕಷ್ಟು ಏರಿದ ಮೇಲೆಯೇ ಗಾಳಿ ಮುಂದೆ ಬಿಡುವ ವಾಲ್ವ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಶುರುವಿನ ಒದ್ದೆ ಗಾಳಿ ಹಾಗೆಯೇ ದಾಟಿ ಹೋಗ್ತದೆ. ಇದೆಲ್ಲ ಸೇರಿದರೆ ಬೆಲೆ 32,000ದಲ್ಲಿ ನಿಲ್ಲುವುದಿಲ್ಲ. ನಾಲ್ಕೈದು ಮನೆಯವರು ಸೇರಿ ರೇಂಜಿಗೆ ಒಂದು ಸರಿಯಾದದ್ದು ತರಿಸುವುದು ವಾಸಿ ಎಂದು ನನಗೆ ಕಾಣ್ತದೆ, ಆ ಮಾತು ಈಗ ನಡೀತಾ ಉಂಟು. ಅಷ್ಟರವರೆಗೆ ನಾನೂ ಕೈಪಂಪೂ. ಅದರಲ್ಲೂ ನೀರು ಬರ್ತದೆ, ಆದರೆ ಸ್ವಲ್ಪ ಒತ್ತಿ, ಬಿಟ್ಟು, ತಣಿಸಿ ಮತ್ತೆ ಒತ್ತಬಹುದು. ಮತ್ತೆ ಯಾವ ಆಮ್ಲಜನಕದ ಸಿಲಿಂಡರಿನಿಂದಲೂ ರೈಫಲಿಗೆ ತುಂಬುವ ಯೋಚನೆ ಕನಸಿನಲ್ಲೂ ಬೇಡ, ಒಳಗಿನ ಗ್ರೀಸಿಗೆ ಬೆಂಕಿ ಹತ್ತಲು ಅಷ್ಟು ಸಾಕು.

ಮೆಷಿನ್ ಮೆಟ್ಟಿಲಿನ ಅಡಿಯಲ್ಲಿ ಉಂಟು. ಕಳೆದ ವಾರ ಮಣಿಪಾಲದಿಂದ ಒಬ್ಬ ಹುಡುಗ ಬಂದಿದ್ದ, ಯಾರೋ ಹೇಳಿ ಕಳಿಸಿದ್ದಂತೆ, ಹತ್ತು ಸಾವಿರಕ್ಕೆ ಕೊಡ್ತೀರಾ ಅಂದ. ನಡೆದದ್ದನ್ನೆಲ್ಲ ಹೇಳಿದೆ, ಮೀಟರ್ ಸುಳ್ಳು, ಡಿಸ್ಕ್ ಒಡೀತದೆ ಎಂದು. ಎಲ್ಲ ಕೇಳಿಸಿಕೊಂಡು, ಬಗ್ಗಿ ಮೆಷಿನ್ ನೋಡಿ, ಕೇಳಿದ: "ಎರಡು ಡಿಸ್ಕ್ ಹಾಕಿದರೆ ಓಡ್ತದಾ ಸರ್?"

ಚಾ ಕುಡಿಸಿ ಕಳಿಸಿದೆ. ಮೆಷಿನ್ ಕೊಡಲಿಲ್ಲ.